ಕಣ್ಣು ಕಾಯುವ ಕೆಲಸ

ಸೊಹಾರಿನ ಆಸ್ಪತ್ರೆ, ಮೂರನೆಯ ಥಿಯೇಟರು, ಬೆಳಗಿನ ಏಳೂವರೆ.
ಮೇಜಿನ ಮೇಲೆ ಮಲಗಿದ್ದಾನೆ ದುರ್ ಮೊಹಮ್ಮದ್ ಅಲ್ ಬಲೂಶಿ,
ಮೀನು ಹರಾಜಿನವ. ಎರಡೂ ಹೊಳ್ಳೆ ಬಂದ್.
ನಾಲ್ಕು ವರ್ಷದಿಂದ ವಾಸನೆಯೆಂಬುದೇ ಇಲ್ಲ ಅವನಿಗೆ.
ಕಿವಿರೆತ್ತಿ ಮೂಸುವುದು ಈಗ ಮಗ,
ಅಪ್ಪ ಬರೀ ಬೆಲೆ ಕೂಗುತ್ತಾನೆ.

ನಿನ್ನೆ ವಾರ್ಡಿನಲ್ಲಿ ಕೇಳಿದ್ದ, ಅರ್ಧ ಹಿಂದಿ, ಅರ್ಧ ಕೈಸನ್ನೆ:
'ಸಿಸ್ಟರ್, ಮಿಶೀನು ಎಷ್ಟು ದೊಡ್ಡದು?'
ಕಿರುಬೆರಳು ತೋರಿಸಿದೆ. ನಂಬಲಿಲ್ಲ.

ಕಿರುಬೆರಳೂ ಹೆಚ್ಚೇ. ನಾಲ್ಕು ಮಿಲಿಮೀಟರಿನ ಕೊಳವೆ,
ತುದಿಗೊಂದು ಕಿಂಡಿ, ಕಿಂಡಿಯೊಳಗೆ ಅತ್ತಿತ್ತ ಹೊರಳುವ ಹಲ್ಲು,
ನಿಮಿಷಕ್ಕೆ ಐದು ಸಾವಿರ ಸಲ.
ಹೀರಿಕೊಂಡು ಕಚ್ಚುತ್ತದೆ, ಕಚ್ಚಿದ್ದನ್ನು ನೀರಿನೊಡನೆ ನುಂಗುತ್ತದೆ.
ಸಿಪ್ಪೆ ಸುಲಿದ ದ್ರಾಕ್ಷಿಯಂಥ ದುರ್ಮಾಂಸ
ಒಂದೊಂದೇ ಕೊಳವೆಯೊಳಗೆ ಕಾಣೆ.

ಮಂಗಳೂರಲ್ಲಿ ನಾನು ಕೆಲಸ ಕಲಿತ ಕಾಲಕ್ಕೆ ಹೀಗಿರಲಿಲ್ಲ.
ಇಕ್ಕಳ ತೂರಿಸು, ಹಿಡಿ, ಎಳೆ.
ಬರಬಾರದ ತೊಗಲೂ ಜತೆಗೆ ಬರುತ್ತಿತ್ತು.
ಒರೆಸಿ ನೋಡುವಷ್ಟರಲ್ಲಿ ಮತ್ತೆ ರಕ್ತ.
ಮೂಗಿಗೆ ತುರುಕಿದ ಬಟ್ಟೆ ಕೀಳುವ ದಿನ
ಲಾರಿ ಡ್ರೈವರುಗಳೂ ಅಮ್ಮಾ ಅನ್ನುತ್ತಿದ್ದರು.

ಈಗ ಪರದೆಯಲ್ಲಿ ತಲೆಬುರುಡೆಯ ನಕ್ಷೆ ಇದೆ,
ನಕ್ಷೆಯೊಳಗೆ ಹಸಿರು ಕೂಡು-ಗುರುತು:
ತುದಿ ಇಲ್ಲಿದೆ, ಈಗ ಇಲ್ಲಿದೆ.
ಡಾಕ್ಟರ್ ರಾಯಾ ಅದನ್ನು ಅರ್ಧ ಮಾತ್ರ ನಂಬುತ್ತಾರೆ.
'ಎರಡು ಮಿಲಿಮೀಟರು ಸುಳ್ಳು ಹೇಳುತ್ತೆ, ಅದೂ ಒಳ್ಳೆಯ ದಿನ.'

ಮೂಗಿಗೂ ಕಣ್ಣಿಗೂ ನಡುವೆ ಇರುವ ಎಲುಬು
ಈರುಳ್ಳಿಯ ಒಳಪೊರೆಗಿಂತ ದಪ್ಪವೇನಲ್ಲ.
ದುರ್ಮಾಂಸ ಯಾವುದು, ಕಣ್ಣಿನ ಹಿಂದಿನ ಕೊಬ್ಬು ಯಾವುದು,
ಹೀರುವ ಹಲ್ಲಿಗೆ ಭೇದವಿಲ್ಲ. ಬಾಯಿಗೆ ಬಂದದ್ದು ಅದರ ಪಾಲು.
ಅದಕ್ಕೇ ಅವನ ಕಣ್ಣಿಗೆ ಬಟ್ಟೆ ಹೊದಿಸುವುದಿಲ್ಲ.
ಅದಕ್ಕೇ ನಾನು.

'ಜಲಜಾಕ್ಷಿ, ಕಣ್ಣು.' ಅಷ್ಟೇ ಅನ್ನುತ್ತಾರೆ ಡಾಕ್ಟರು.
(ನನ್ನ ಹೆಸರಲ್ಲೇ ಒಂದು ಕಣ್ಣಿದೆಯೆಂದು ಇನ್ನೂ ಹೇಳಿಲ್ಲ.)
ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತುತ್ತೇನೆ,
ಒಳಗೇನಾದರೂ ಅಲುಗೀತೇ ಎಂದು ಇಬ್ಬರೂ ಪರದೆ ನೋಡುತ್ತೇವೆ.

ಹೆಜಮಾಡಿಯ ದಡದಲ್ಲಿ ಬುಟ್ಟಿ ತುಂಬುವ ಮೊದಲು
ಅಮ್ಮ ಮೀನಿನ ಕಣ್ಣು ನೋಡುತ್ತಿದ್ದಳು.
ಮೂಗನ್ನು ನಂಬಬೇಡ ಮಗಾ, ಐಸು ವಾಸನೆ ಮುಚ್ಚಿಡುತ್ತೆ,
ಕಣ್ಣು ಉಬ್ಬಿದ್ದರೆ ತಕ್ಕೋ, ಗುಳಿ ಬಿದ್ದರೆ ಬಿಡು.
ಇಲ್ಲಿ ಲೆಕ್ಕ ತಿರುಗುಮುರುಗು:
ಕಣ್ಣು ಉಬ್ಬಿತೋ, ಕೆಟ್ಟಿತು.

ಎಡಗಡೆ, ಇನ್ನೇನು ಮುಗಿಯಬೇಕು.
ಬೆರಳೊತ್ತಿದೆ. ಪರದೆಯ ಮೂಲೆಯಲ್ಲಿ
ಹಳದಿಯದೇನೋ ಉಸಿರಾಡಿದ ಹಾಗಾಯಿತು.
'ನಿಲ್ಲಿ.'

ಪೆಡಲಿನಿಂದ ಕಾಲು ಮೇಲೆದ್ದಿತು.
ಥಿಯೇಟರಿಗೆಲ್ಲ ಸಲೈನು ತೊಟ್ಟಿಕ್ಕುವುದೊಂದೇ ಸದ್ದು.
ಮತ್ತೆ ಒತ್ತು, ಅಂದರು. ಒತ್ತಿದೆ. ಮತ್ತೆ ಅಲುಗಿತು.
'ಇಲ್ಲಿ ಗೋಡೆಯೇ ಇಲ್ಲ,' ತಮಗೇ ಹೇಳಿಕೊಂಡರು, ಅರಬಿಯಲ್ಲಿ.
ಯಂತ್ರವನ್ನು ನನ್ನ ಕೈಗಿತ್ತು, ಹಳೆಯ ಇಕ್ಕಳ ಕೇಳಿದರು.
ಉಳಿದ ಅರ್ಧ ಬೆರಳಿನಷ್ಟನ್ನು
ಕೈಯಲ್ಲೇ ಬಿಡಿಸಿದರು, ನಲವತ್ತು ನಿಮಿಷ.

ಒಮ್ಮೆ ಬಳಸಿದ ಬ್ಲೇಡು ಮತ್ತೆ ಬಾರದು.
ಹಳದಿ ಡಬ್ಬಿಗೆ ಹಾಕಿದೆ,
ಕ್ಲೀನರ್ ಮೊಫಿಜುಲನ ಹನ್ನೆರಡು ದಿನದ ಸಂಬಳದಷ್ಟು ಬೆಲೆಯದು.
ಡಬ್ಬಿ ಒಯ್ದವನೂ ಮೊಫಿಜುಲನೇ.

ಹತ್ತನೆಯ ದಿನ ಓಪಿಡಿಗೆ ಬಂದ ದುರ್ ಮೊಹಮ್ಮದ್,
ಪೇಪರಿನಲ್ಲಿ ಸುತ್ತಿದ ಕನದ್ ಹಿಡಿದು. ನಮ್ಮ ಅಂಜಲ್.
'ವಾಸನೆ ಬಂತಾ?'
ತನ್ನ ಅಂಗೈ ಮೂಸಿ ಯೋಚಿಸಿದ.
'ಏನೋ ಬರುತ್ತೆ ಸಿಸ್ಟರ್. ಏನಂತ ನೆನಪಾಗುತ್ತಿಲ್ಲ.'

ಪೇಪರು ಸರಿಸಿ ನೋಡಿದೆ. ಕಣ್ಣು ಉಬ್ಬಿತ್ತು, ತಿಳಿಯಾಗಿತ್ತು.
ತೆಗೆದುಕೊಂಡೆ.

ಜೂನಿನ ಮಧ್ಯಾಹ್ನ, ಸ್ಟಾಫ್ ವ್ಯಾನಿನಲ್ಲಿ
ಎಲ್ಲರೂ ಮೂಗು ಮುಚ್ಚಿಕೊಂಡರು.